ತೂತಿಲ್ಲದ ಮೆಂತ್ಯ

ಮೊದಲ ಏಟು ಬುಟ್ಟಿಗೆ ಬಿತ್ತು, ಎರಡನೆಯದು ಸೊಪ್ಪು ಮಾರುವ ದಾನವ್ವನ ಕೆನ್ನೆಗೆ.

"ವಿಷಾ ಮಾರತಿ ಏನ? ನನ್ನ ಮಗಳು ದವಾಖಾನ್ಯಾಗ ಬಾಯಾಗ ನೊರಿ ಬಿಟಗೊಂಡ ಬಿದ್ದಾಳ! ಡಾಕ್ಟರು ಕೇಳಾಕತ್ತಾರ, ಹೇಳ, ಯಾವ ಎಣ್ಣಿ ಹೊಡದಿ?"

ಹೊಡೆದವನು ಕೇದಾರ. ಧಾರವಾಡದ ಆ ಓಣಿಯಲ್ಲಿ ಕಾಲೇಜು ಮಾಸ್ತರ, ದಾನವ್ವನ ಹಳೆಯ ಗಿರಾಕಿ, ನಿನ್ನೆಯವರೆಗೆ ನಾಯಿಯನ್ನೂ ಗದರಿಸಿದವನಲ್ಲ. ಅವನ ಪುಟ್ಟ ಮಗಳು ಚಿನ್ಮಯೀಗೆ ಹಸಿ ಮೆಂತ್ಯ ಎಂದರೆ ಜೀವ. ರೊಟ್ಟಿ, ಶೇಂಗಾ ಚಟ್ನಿ, ಮೇಲೊಂದು ಹಿಡಿ ಹಸಿ ಎಲೆ ಇದ್ದರೆ ಆಯಿತು, ಮತ್ತೇನೂ ಬೇಡ. ದಾನವ್ವ ತಂದ ಸೊಪ್ಪಿಗೆ ಒಂದು ನೀರು ಸಾಕು ಎಂದು ಆ ಮನೆಯವರ ನಂಬಿಕೆ.

ನಂಬಿಕೆ ಸುಮ್ಮನೆ ಬಂದದ್ದಲ್ಲ. ಪಕ್ಕದ ಅಮ್ಮಿನಬಾವಿ ಊರಿನ ದಾನವ್ವ ತನ್ನ ಹೊಲಕ್ಕೆ ಹುಳ ಸಾಯುವ ಎಣ್ಣೆ ಮುಟ್ಟಿಸಿದವಳಲ್ಲ. ಬೇವಿನ ರಸ, ಗಂಜಲ, ಅಷ್ಟೇ. ಯಾವ ಕಾಲಕ್ಕೆ ನೆಲ ಏನು ಕೊಟ್ಟಿತೋ ಅದನ್ನೇ ತರುತ್ತಿದ್ದಳು. ಬೇಸಿಗೆಯಲ್ಲಿ ಯಾರಾದರೂ ಹೂಕೋಸು ಕೇಳಿದರೆ, "ಅದು ಚಳಿಗಾಲದ ಹೆಣ್ಣಮಗಳ್ರಿ, ಬಿಸಲಾಗ ತವರಿಗೆ ಬರಂಗಿಲ್ಲ" ಎಂದು ನಗಿಸಿ ಕಳಿಸುತ್ತಿದ್ದಳು. ಮಾರುವ ಮೊದಲು ಗಿರಾಕಿಯ ಕಣ್ಣೆದುರೇ ಸಿವುಡಿನಿಂದ ಎರಡು ಎಲೆ ಕಿತ್ತು ಬಾಯಿಗೆ ಹಾಕಿಕೊಂಡು ಅಗಿಯುವುದು ಅವಳ ರೂಢಿ. ಇವತ್ತು ಮುಂಜಾನೆಯೂ ಅಗಿದಿದ್ದಳು. ಮೇಲೆ ಹೆಮ್ಮೆ ಬೇರೆ! ಹೋದ ವಾರ ಹುಳ ತಿಂದು ಜರಡಿಯಾಗಿದ್ದ ಎಲೆ ಈ ಸಲ ಒಂದೂ ತೂತಿಲ್ಲದೆ ಬಂದಿತ್ತು. "ನೋಡ್ರಿ, ಬೇವಿನ ರಸ ಕಡೀಕೂ ಹುಳದ ಸೊಕ್ಕ ಮುರೀತು" ಎಂದು ಓಣಿ ತುಂಬ ಹೇಳಿಕೊಂಡು ತಿರುಗಿದ್ದಳು, ಹುಚ್ಚಿ.

"ನನ್ನ ಮಕ್ಕಳ ಆಣಿ ಮಾಡತೇನ್ರಿ ಸರ, ನಮ್ಮ ಹೊಲದಾಗ ಒಂದ ಹನಿ ಎಣ್ಣಿ ಬಿದ್ದಿಲ್ಲ. ನಾನೂ ತಿಂದೇನಿ. ನಿಮ್ಮ ಮುಂದ ನಿಂತಿಲ್ಲೇನು?"

ಕೇದಾರ ಅವಳ ಮುಖ ನೋಡಿದ. ಫೋನು ಕಿವಿಗಿಟ್ಟ. "ಡಾಕ್ಟರ್ರ, ಏನೂ ಹೊಡದಿಲ್ಲಂತ. ಅಕಿ ಸುಳ್ಳ ಹೇಳೋಕಿ ಅಲ್ಲರಿ. ಬ್ಯಾರೆ ಏನರ ಇರಬೇಕು, ನೋಡ್ರಿ." ಹಾಗೆಂದವನು ಬೈಕು ಹತ್ತಿ ದವಾಖಾನೆಗೆ ಓಡಿದ.

ಊರಿಗೆ ಮರಳುವ ಬಸ್ಸಿನಲ್ಲಿ ದಾನವ್ವನ ಬಾಯಲ್ಲಿ ನೀರೂರತೊಡಗಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡಿಕೊಂಡಳು. ತಾನು ತಿಂದದ್ದು ಎರಡೇ ಎಲೆ, ಕೂಸು ತಿಂದದ್ದು ಹಿಡಿ.

ಮನೆಯಲ್ಲಿ ಗಂಡ ಮಡಿವಾಳಪ್ಪ ಊಟಕ್ಕೆ ಕೂತಿದ್ದ. ಚಳಿಗಾಲ ಪೂರ್ತಿ ಹಸಿ ಮೆಂತ್ಯವಿಲ್ಲದೆ ರೊಟ್ಟಿ ಮುರಿಯದ ಮನುಷ್ಯ! ಇವತ್ತು ತಾಟಿನಲ್ಲಿ ಬರೀ ಉಳ್ಳಾಗಡ್ಡಿ. ದಾನವ್ವ ಉಳಿದ ಸಿವುಡನ್ನು ತಾಟಿಗೆ ಒಗೆದಳು.

"ತಿನ್ರಿ."

"ಇವತ್ತ ಬ್ಯಾಡ. ಹೊಟ್ಟಿ ಸರಿ ಇಲ್ಲ."

ಮದುವೆಯಾದಾಗಿನಿಂದ 'ರೀ' ಅಂದವಳು ಅವನ ಜುಟ್ಟು ಹಿಡಿದಳು. "ಏ, ತಿನ್ನೋ! ಊರವರ ಕೂಸು ತಿಂದೈತಿ, ನೀ ತಿನ್ನು!" ಎಲೆಗಳನ್ನು ಅವನ ತುಟಿಗೆ ಒತ್ತಿ ಒತ್ತಿ ತುರುಕಿದಳು. ಅವನು ಹಲ್ಲು ಕಚ್ಚಿದ, ಉಸಿರು ಬಿಗಿಹಿಡಿದ. ಬಾಯಿ ಮಾತ್ರ ತೆರೆಯಲಿಲ್ಲ. ಕಡೆಗೆ ಅವಳನ್ನು ನೂಕಿದ. ಅವಳ ತಲೆ ಗೋಡೆಗೆ ಬಡಿಯಿತು.

"ನೀ ಗರಗ ಊರಿಗೆ ಹೋದಾಗ ಹೊಡದೆ! ಏನ ಮಾಡಲಿ? ತೂತಿನ ಎಲಿ ಯಾರೂ ಮುಟ್ಟಲಿಲ್ಲಂತ ಬುಟ್ಟಿ ತಿಪ್ಪಿಗೆ ಸುರುವಿ, ಅತ್ತು, ನೀ ಉಪಾಸ ಮಲಗಿದ್ಯಲ್ಲ! ನೋಡಲಾರದ ಹೊಡದೆ!"

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅದೂ ಅವಳ ಮೇಲಿನ ಪ್ರೀತಿಗೆ! ಆ ಪ್ರೀತಿಗೆ ಬೆಂಕಿ ಬೀಳಲಿ.

"ಎಣ್ಣಿ ಹೆಸರೇನು?"

"ಯಾವನಿಗ್ಗೊತ್ತು? ನಮ್ಮ ತಮ್ಮ ಶಿವಯೋಗೀಶ ಕೊಟ್ಟ. ಬಾಟ್ಲಿ ಅವನ ಪಂಪಿನ ಮನ್ಯಾಗ ಐತಿ."

ಕೇದಾರನ ನಂಬರು ಅವಳಲ್ಲಿರಲಿಲ್ಲ. ದಿನಾ ಬಾಗಿಲಿಗೇ ಹೋಗುವವಳಿಗೆ ನಂಬರು ಯಾಕೆ? ಬಾಟಲಿಯನ್ನೇ ಒಯ್ಯಬೇಕು. ಕಳೆ ಕೀಳುವ ಕುರ್ಪಿ ಕೈಗೆ ಸಿಕ್ಕಿತು, ಓಡಿದಳು.

ಗದ್ದಲ ಕೇಳಿ ಮೈದುನ ಶಿವಯೋಗೀಶ ಆಗಲೇ ಬಾಟಲಿ ಹಿಡಿದು ಬಾವಿಯತ್ತ ಹೊರಟಿದ್ದ. "ವೈನಿ, ಹುಚ್ಚರಂಗ ಮಾಡಬ್ಯಾಡ್ರಿ. ಇದನ್ನ ಒಯ್ದ್ರ ಪೊಲೀಸರು ಮನಿಗೆ ಬರತಾರ. ಕೂಸು ಹೆಂಗೂ ದವಾಖಾನ್ಯಾಗ ಐತಿ."

"ಕೊಡೋ, ಭಾಡ್ಯಾ!"

ಅವನು ಬಾಟಲಿ ಮೇಲೆತ್ತಿದ. ಅವಳು ಮಣಿಕಟ್ಟಿಗೆ ಜೋತುಬಿದ್ದು ಕಚ್ಚಿದಳು. ಅವನು ಹೊಟ್ಟೆಗೆ ಒದ್ದ. ಬಿದ್ದಳು, ಎದ್ದಳು, ಕುರ್ಪಿ ಬೀಸಿದಳು. ಅವನ ಮೊಳಕೈಯಿಂದ ಕೆಳಗೆ ತೊಗಲು ಸೀಳಿ ರಕ್ತ ಚಿಮ್ಮಿತು. ಚೀರುತ್ತಾ ಕುಸಿದವನ ಕೈಯಿಂದ ಬಾಟಲಿ ಜಾರಿ ಕೆಸರಿಗೆ ಬಿತ್ತು, ಒಡೆಯಲಿಲ್ಲ. ಅವನ ಎದೆಯ ಮೇಲೆ ಕಾಲಿಟ್ಟೇ ದಾಟಿ ಅದನ್ನೆತ್ತಿಕೊಂಡಳು.

ಮಡಿವಾಳಪ್ಪ ಬೈಕು ಚಾಲೂ ಮಾಡಿ ನಿಂತಿದ್ದ. ಹಿಂದೆ ಹತ್ತಿ ಕೂತಳು. ಬಾಟಲಿಯನ್ನು ಸೆರಗಿನಲ್ಲಿ ಸುತ್ತಿ ಎದೆಗವಚಿ ಹಿಡಿದಳು.

ದವಾಖಾನೆಯ ಮಂದಿ ಅವಳ ಸೀರೆಯ ರಕ್ತ ನೋಡಿ ಸರಿದು ದಾರಿ ಬಿಟ್ಟರು. ಬಾಟಲಿಯನ್ನು ಡಾಕ್ಟರ ಕೈಗಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದಳು, "ಇದನ್ನ ಹೊಡದಿದ್ರು. ನಮ್ಮ ಹೊಲದಾಗ." ಡಾಕ್ಟರು ಬಾಟಲಿಯ ಮೇಲಿನ ಚೀಟಿ ಓದಿದವರೇ ಒಳಗೋಡಿದರು.

ಬೇರೇನೋ ಎಂದುಕೊಂಡು ಕೊಡುತ್ತಿದ್ದ ಔಷಧ ಬದಲಾಯಿತು. ಸಂಜೆಯ ಹೊತ್ತಿಗೆ ಕೂಸು ಕಣ್ಣು ಬಿಟ್ಟಿತು, ನೀರು ಕೇಳಿತು. ಶಿವನೇ, ಅಷ್ಟಾದರೂ ಕಾಯ್ದೆ.

ಕೇದಾರ ಹೊರಗೆ ಬಂದ. ದಾನವ್ವ ಎದ್ದು ಹೋಗಿ, ಮುಂಜಾನೆ ಏಟು ತಿಂದ ಕೆನ್ನೆಯನ್ನೇ ಅವನೆದುರು ಹಿಡಿದಳು.

"ಹೊಡೀರಿ ಸರ."

ಅವನ ಕೈ ಏಳಲಿಲ್ಲ. "ಅಕಿ ಸುಳ್ಳ ಹೇಳೋಕಿ ಅಲ್ಲ ಅಂತ ಡಾಕ್ಟರಿಗೆ ನಾನ ಹೇಳಿದ್ದೆ, ದಾನವ್ವ" ಎಂದ. ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. ಮಗಳ ಹತ್ತಿರ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಇನ್ನೊಂದು ಏಟು ಬಿದ್ದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವಳು ಕೆನ್ನೆ ತಿರುಗಿಸಿಕೊಂಡೇ ಆ ಬಾಗಿಲೆದುರು ನಿಂತಳು.