ನಸುಕಿನ ಹಾಡಿನ ಕಾನೂನು

ನಾಚಾರಂ ಕಾರ್ಖಾನೆಗಳ ಬೆನ್ನಿಗಿದ್ದ ತಗಡಿನ ಶೆಡ್ಡುಗಳಲ್ಲಿ ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ವಲಸೆ ಬಂದ ಗೌಂಡಿಗಳ ಸಂಸಾರಗಳಿದ್ದವು. ಅಲ್ಲಿನ ಕಾನೂನನ್ನು ಅವರೇ ಮಾಡಿಕೊಳ್ಳುತ್ತಿದ್ದರು. ಎಲ್ಲರೂ ಕೈ ಎತ್ತಿದರೆ ಕಾನೂನು ಜಾರಿ. ಅದನ್ನು ತೆಗೆಯಬೇಕಾದರೆ, ತಂದವರೇ ಮೊದಲು ಎಲ್ಲರೆದುರು ಮುರಿಯಬೇಕು. ಆಮೇಲೆ ಎಲ್ಲರೂ ಮತ್ತೆ ಕೈ ಎತ್ತಬೇಕು.

ಗದಿಗೆಮ್ಮ ತಂದ ಕಾನೂನು ಅವಳ ಗಂಡನ ಮೇಲೆಯೇ ಇತ್ತು. ಸಾಬಣ್ಣ ದಿನಾ ನಸುಕಿನಲ್ಲಿ ಗಂಟಲು ಬಿಚ್ಚಿ ಭಜನೆಪದ ಹಾಡುತ್ತಿದ್ದ. "ಮಂದಿ ನಿದ್ದಿ ಹಾಳಾಗಾಕತ್ತೈತಿ. ಇನ್ನ ಹೊತ್ತು ಮೂಡೋತನ ಹಾಡಂಗಿಲ್ಲ," ಎಂದಳು. ಎಲ್ಲರ ಕೈ ಮೇಲೆದ್ದವು. ಮುಖ ಸಣ್ಣದು ಮಾಡಿಕೊಂಡು ಸಾಬಣ್ಣನೂ ಎತ್ತಿದ.

ಮರುದಿನ ಇಡೀ ಸಾಲು ಮಲಗೇ ಇತ್ತು. ಮೊಬೈಲಿನ ಅಲಾರಂ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಬಹುದು, ಸಾಬಣ್ಣನ ಬಾಯಿ ಹಾಗಲ್ಲ. ಕೆಲಸಕ್ಕೆ ಒಯ್ಯುವ ಗಾಡಿ ಕಾದು ಕಾದು ಹೊರಟುಹೋಯಿತು.

"ಚಿಗವ್ವ, ನೀನ ತಂದೀದಿ, ನೀನ ಮುರಿಬೇಕು," ಎಂದ ಪಕ್ಕದ ಶೆಡ್ಡಿನ ಹುಲಗೇಶ.

ಹಾಡು ಬಾರದ ಗದಿಗೆಮ್ಮ ಮಾರನೇ ನಸುಕಿನಲ್ಲಿ ಬಾಗಿಲಿಗೆ ಬಂದು, ಸೆರಗು ಬಾಯಿಗಿಟ್ಟು ಕೆಮ್ಮಿ, ಗಂಡನ ಪದವೊಂದನ್ನು ಎತ್ತಿಕೊಂಡಳು. ರಾಗ ಎತ್ತಲೋ, ಮಾತು ಎತ್ತಲೋ. ಎರಡನೇ ಸಾಲು ಮರೆತೇಹೋಯಿತು. ಮುನಿಸಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದ ಸಾಬಣ್ಣನಿಗೆ ತಡೆಯಲಾಗಲಿಲ್ಲ. "ಹಂಗಲ್ಲ ಹುಚ್ಚಿ, ಹಿಂಗ," ಎನ್ನುತ್ತ ಎದ್ದು ಬಂದು ಅವಳ ಪಕ್ಕದಲ್ಲಿ ನಿಂತು ದನಿ ಕೂಡಿಸಿದ. ಶೆಡ್ಡುಗಳ ಬಾಗಿಲು ಒಂದೊಂದಾಗಿ ತೆರೆದವು.

"ಕಾನೂನು ತೆಗಿಯಾಕ ಕೈ ಎತ್ತರಿ!" ಎಂದು ಹುಲಗೇಶ ಕೂಗಿದ.

ಒಬ್ಬರೂ ಎತ್ತಲಿಲ್ಲ. ಕೈಗಳೆಲ್ಲ ತಾಳ ಹಾಕುತ್ತಿದ್ದವು.