ಅಮ್ಮಾವ್ರು ಏಳುವ ತನಕ

ನಮ್ಮೂರಿನ ಚರ್ಚಿನಲ್ಲಿ ಆರಾಧನೆ ಮುಗಿದಾಗ ಮೊದಲು ಏಳುವವರು ದೊಡ್ಡಮನೆಯ ಲೇಡಿ ಮಾರ್ಡನ್, ಊರಿಗೆಲ್ಲ ಅಮ್ಮಾವ್ರು. ಅವರು ಎದ್ದು, ನಡುವಿನ ದಾರಿಯಲ್ಲಿ ನಡೆದು, ಬಾಗಿಲು ದಾಟಿದ ಮೇಲೆಯೇ ಉಳಿದವರು ಏಳುವುದು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ನಮ್ಮಪ್ಪ ಇಲ್ಲಿ ಗಂಟೆ ಹೊಡೆಯುತ್ತಿದ್ದ ಕಾಲದಲ್ಲೂ ಹಾಗೇ ಇತ್ತು, ಅವರಪ್ಪನ ಕಾಲದಲ್ಲೂ ಹಾಗೇ. ಈಗ ಗಂಟೆ ಹೊಡೆಯುವವನು ನಾನು, ಸೈಲಸ್. ಗಂಟೆ, ಮೇಣದಬತ್ತಿ, ಮೊಣಕಾಲೂರುವ ದಿಂಬುಗಳ ಧೂಳು, ಸತ್ತವರಿಗೆ ಗುಂಡಿ, ಎಲ್ಲಾ ನನ್ನ ಪಾಲಿನ ಚಾಕರಿ. ನಲವತ್ತು ವರ್ಷ ದೇವರ ಮನೆಯಲ್ಲಿ ಕಳೆದಿದ್ದೇನೆ. ಆದರೂ ಆ ಜೂನ್ ತಿಂಗಳ ಭಾನುವಾರ ನಡೆದದ್ದರಲ್ಲಿ ದೇವರ ಕೈ ಎಷ್ಟು, ಮನುಷ್ಯರ ಹಟ ಎಷ್ಟು ಎಂದು ಬಿಡಿಸಿ ಹೇಳಲು ನನಗೆ ಬಾರದು.

ಮಹಾಯುದ್ಧ ಮುಗಿದು ಐದಾರು ವರ್ಷವಾಗಿತ್ತು. ಅಮ್ಮಾವ್ರ ಒಬ್ಬನೇ ಮಗ ಆಂಬ್ರೋಸ್ ಧಣಿ ಬದುಕಿ ಬಂದಿದ್ದರು. ಬಂದವರು ಬೇಟೆಗೆ ಹೋಗಲಿಲ್ಲ, ಲಂಡನ್ನಿಗೂ ಹೋಗಲಿಲ್ಲ. ದಿನಾ ಬೆಳಿಗ್ಗೆ ದೊಡ್ಡಮನೆಯ ಹಿಂದಿನ ಗೋಡೆ ಸುತ್ತಿದ ತೋಟಕ್ಕೆ ಹೋಗಿ ಕತ್ತಲಾಗುವ ತನಕ ಸುಮ್ಮನೆ ಕೂರುತ್ತಿದ್ದರು. ಆ ತೋಟ ಕಾಗದದಲ್ಲಿ ಅಮ್ಮಾವ್ರದು. ಗೋಡೆಯ ಒಳಗೆ ಮಾತ್ರ ರಾಜ್ಯಭಾರವೆಲ್ಲ ಹಿರಿಯ ತೋಟಗಾರ ಆಮೋಸ್ ಟಿಲ್ಲರನದು. ಒಂದು ಗುಲಾಬಿ ಬೇಕಾದರೂ ಅಮ್ಮಾವ್ರು ಹೇಳಿಕಳುಹಿಸಬೇಕು. ಅವನು ಹೂಂ ಅನ್ನಬೇಕು. ದ್ರಾಕ್ಷಿ ಹಣ್ಣಾಗಿದೆಯೋ ಇಲ್ಲವೋ ಎಂಬ ಜಗಳದಲ್ಲಿ ಇಬ್ಬರೂ ಮೂವತ್ತು ವರ್ಷ ಕಳೆದಿದ್ದರು. ಅಮ್ಮಾವ್ರಿಗೆ ಎದುರು ಮಾತಾಡುವ ಗಂಡಸು ಇಡೀ ಜಿಲ್ಲೆಯಲ್ಲಿ ಅವನೊಬ್ಬನೇ.

ಅವನ ಮಗಳು ಹೆಸ್ಟರ್. ಊರ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು, ಸಂಜೆ ಅಪ್ಪನ ಪೀಚ್ ಗಿಡಗಳಿಗೆ ನೀರು ಹೊರುತ್ತಿದ್ದಳು. ತೋಟದಲ್ಲಿ ಸುಮ್ಮನೆ ಕೂತವರೂ ನೀರು ಹೊತ್ತವಳೂ ಯಾವಾಗ ಮಾತಿಗೆ ತೊಡಗಿದರೋ, ಗಿಡಗಳಿಗೇ ಗೊತ್ತು. ಈಸ್ಟರ್ ಕಳೆಯುವ ಹೊತ್ತಿಗೆ ಮದುವೆಯ ಮಾತು ಹೊರಬಿತ್ತು. ಅಮ್ಮಾವ್ರು "ನಾನು ಬದುಕಿರೋ ತನಕ ಇಲ್ಲ" ಎಂದರು. ಆಮೋಸ್, "ಮೂಲಂಗಿ ಯಾವುದು ಕಳೆ ಯಾವುದು ಅಂತ ಗೊತ್ತಿಲ್ದೋನಿಗೆ ಮಗಳನ್ನ ಕೊಡೋದಾ?" ಎಂದ.

ಧಣಿಗಳೂ ಹೆಸ್ಟರಳೂ ವಯಸ್ಸಿಗೆ ಬಂದವರು. ಯಾರ ಒಪ್ಪಿಗೆಯೂ ಕಾನೂನಿಗೆ ಬೇಕಿರಲಿಲ್ಲ. ಆದರೆ ಹೆಸ್ಟರಳಿಗೆ ಬೇಕಿತ್ತು. "ಇಬ್ಬರು ಮುದುಕರ ಮುರಿದ ಮನಸ್ಸಿನ ಮೇಲೆ ಸಂಸಾರ ಹೂಡೋಕೆ ನನ್ನಿಂದ ಆಗಲ್ಲ" ಎಂದು ನನ್ನೆದುರೇ ಆಂಬ್ರೋಸ್ ಧಣಿಗೆ ಹೇಳಿದಳು. "ಮೂರು ಭಾನುವಾರ ಚರ್ಚಿನಲ್ಲಿ ನಮ್ಮ ಮದುವೆಯ ಘೋಷಣೆ ಓದಿಸಿ. ಅಷ್ಟರಲ್ಲಿ ಅವರು ಕರಗದಿದ್ರೆ ನಾನು ಯಾರ್ಕ್‌ಷೈರಿನ ಶಾಲೆಗೆ ಹೊರಟೆ. ಕೆಲಸ ಕಾದಿದೆ." ಧಣಿಗಳು ನನ್ನ ಮುಖ ನೋಡಿದರು. ನಾನು ಗಂಟೆಯ ಹಗ್ಗ ನೋಡಿದೆ.

ಮೊದಲನೆಯ ಭಾನುವಾರ ಬಂತು. ನಮ್ಮ ಪಾದ್ರಿ ಮಿಸ್ಟರ್ ಪಿಮ್ ಅವರಿಗೆ ಅನ್ನದ ದಾರಿ ತೋರಿಸಿದ್ದೇ ಅಮ್ಮಾವ್ರು. ಪಾದ್ರಿಗಳು ಅಮ್ಮಾವ್ರ ಕಡೆ ನೋಡದೆ ಘೋಷಣೆಯ ಪುಸ್ತಕ ತೆರೆದರು. ಎರಡು ಹೆಸರುಗಳನ್ನೂ ಒಂದೇ ಉಸಿರಿಗೆ ಓದಿ, "ಈ ಮದುವೆಗೆ ಅಡ್ಡಿಯೇನಾದರೂ ಯಾರಿಗಾದರೂ ಗೊತ್ತಿದ್ದರೆ ಹೇಳಬೇಕು. ಇದು ಮೊದಲನೆಯ ಸಲ ಕೇಳುತ್ತಿರುವುದು" ಎಂದರು.

"ನನಗೆ ಗೊತ್ತು," ಎಂದು ಮುಂದಿನ ಬೆಂಚಿನಲ್ಲಿ ಅಮ್ಮಾವ್ರು ಎದ್ದು ನಿಂತರು.

"ನಂಗೂ ಗೊತ್ತು," ಎಂದು ಕಡೆಯ ಬೆಂಚಿನಲ್ಲಿ ಆಮೋಸ್ ಎದ್ದ.

"ಆಕೆ ತೋಟದವನ ಮಗಳು," ಎಂದರು ಅಮ್ಮಾವ್ರು.

"ಅವ್ರು ದೊಡ್ಡಮನೆ ಮಗ. ಅದಕ್ಕಿಂತ ದೊಡ್ಡ ಅಡ್ಡಿ ಇನ್ನೇನು ಬೇಕು?" ಎಂದ ಆಮೋಸ್.

ಪಾದ್ರಿಗಳು ಬೆವರೊರೆಸಿಕೊಂಡರು. "ಕಾನೂನಿನ ಪ್ರಕಾರ... ಇನ್ನೊಂದು ಮದುವೆ ಆಗಿರಬೇಕು, ಇಲ್ಲಾ ರಕ್ತಸಂಬಂಧ ಇರಬೇಕು. ಇವು ಅಡ್ಡಿಗಳಲ್ಲ ಅಮ್ಮಾವ್ರೇ. ಕ್ಷಮಿಸಿಬಿಡಿ. ನೀನೂ ಕ್ಷಮಿಸಪ್ಪ ಆಮೋಸ್."

ಇಬ್ಬರೂ ಕೂತರು. ಅಂದಿನ ಉಪದೇಶವನ್ನು ಯಾರೂ ಕೇಳಲಿಲ್ಲ, ಹೇಳಿದವರೂ ಕೇಳಿಸಿಕೊಂಡಿರಲಿಕ್ಕಿಲ್ಲ. ಆಶೀರ್ವಾದವಾಯಿತು. ಎಲ್ಲರೂ ಮೊಣಕಾಲೂರಿ, ಒಂದು ಗಳಿಗೆ ಮೌನವಾಗಿ ಪ್ರಾರ್ಥಿಸಿ, ಮತ್ತೆ ಕೂತು, ಅಮ್ಮಾವ್ರು ಏಳುವುದನ್ನು ಕಾದೆವು. ಅಮ್ಮಾವ್ರು ಮಾತ್ರ ಮೊಣಕಾಲೂರಿದಲ್ಲೇ ಇದ್ದರು, ತಲೆ ಎತ್ತಲಿಲ್ಲ. ಮಿಸ್ ಪಿಜನ್ ಆರ್ಗನ್ನಿನಲ್ಲಿ ಹೊರಡುವ ರಾಗ ನುಡಿಸಿ ಮುಗಿಸಿದಳು. ತಿರುಗಿ ನೋಡಿದಳು. ಇನ್ನೊಮ್ಮೆ ನುಡಿಸಿದಳು. ಮೂರನೆಯ ಸಲಕ್ಕೆ ಆರ್ಗನ್ನಿನ ತಿದಿ ತುಳಿದು ತುಳಿದು ಅವಳ ಕಾಲು ಸೋತು ರಾಗ ನರಳತೊಡಗಿತು.

ಪಾದ್ರಿಗಳು ನನ್ನನ್ನು ಕಣ್ಣಲ್ಲೇ ಬೇಡಿಕೊಂಡರು. ನಾನು ತುದಿಗಾಲಲ್ಲಿ ಮುಂದಿನ ಬೆಂಚಿಗೆ ಹೋಗಿ ಬಗ್ಗಿದೆ. "ಅಮ್ಮಾವ್ರೇ, ಆರಾಧನೆ ಮುಗೀತು."

"ನಾನು ಏಳದೆ ಹೇಗಯ್ಯಾ ಮುಗಿಯುತ್ತೆ?" ಎಂದರು, ಮುಚ್ಚಿದ ಕಣ್ಣು ತೆರೆಯದೆ. "ಆರಾಧನೆ ಮುಗಿಯದೆ ಆ ಪುಸ್ತಕಕ್ಕೆ ಪಿಮ್ ರುಜು ಹಾಕೋ ಹಾಗಿಲ್ಲ. ರುಜು ಬೀಳದಿದ್ರೆ ಘೋಷಣೆ ಆದ ಹಾಗಲ್ಲ. ನಾನು ಪ್ರಾರ್ಥನೆ ಮಾಡ್ತಿದೀನಿ, ಸೈಲಸ್. ಪ್ರಾರ್ಥನೆ ಮಾಡೋರನ್ನ ಎಬ್ಬಿಸ್ತೀಯಾ?"

ಎಬ್ಬಿಸುವುದುಂಟೇ. ಹೋಗಿ ಪಾದ್ರಿಗಳಿಗೆ ಹೇಳಿದೆ. ಅವರು ಪುಸ್ತಕ ನೋಡಿದರು, ಅಮ್ಮಾವ್ರನ್ನು ನೋಡಿದರು. "ಕಾನೂನಿನಲ್ಲಿ ಹಾಗೇನೂ ಇಲ್ಲ," ಎಂದು ಪಿಸುಗುಟ್ಟಿದರು. "ಆದರೆ ಸೈಲಸ್, ಅವರು ಏಳದೆ ಮುಗಿದದ್ದನ್ನ ನೀನು ಯಾವತ್ತಾದ್ರೂ ಕಂಡಿದೀಯಾ?" ಕಂಡಿರಲಿಲ್ಲ. ಲೇಖನಿ ಮಸಿಯಲ್ಲೇ ಉಳಿಯಿತು.

ಅಷ್ಟರಲ್ಲಿ ಹಿಂದೆ ಧೊಪ್ಪೆಂದು ಸದ್ದಾಯಿತು. ಆಮೋಸ್ ಮತ್ತೆ ಮೊಣಕಾಲೂರಿದ್ದ.

"ನೀನ್ಯಾಕೋ ಮಾರಾಯ?" ಎಂದೆ.

"ಅಮ್ಮಾವ್ರ ಪ್ರಾರ್ಥನೆಗಿಂತ ನಂದು ಗಿಡ್ಡ ಆಗಬೇಕಾ? ಅವ್ರು ಎದ್ದ ಮೇಲೆ ಏಳ್ತೀನಿ. ಅದಕ್ಕಿಂತ ಒಂದು ನಿಮಿಷ ಮುಂಚೆ ಇಲ್ಲ."

ರೊಟ್ಟಿಯಂಗಡಿಯ ಜಬ್ ನನ್ನ ಕೋಟು ಜಗ್ಗಿದ. ಭಾನುವಾರದ ಮಾಂಸವನ್ನು ಊರವರೆಲ್ಲ ಅವನ ಒಲೆಯಲ್ಲಿಟ್ಟು ಆರಾಧನೆಗೆ ಬರುವುದು, ಹೋಗುವಾಗ ಒಯ್ಯುವುದು ನಮ್ಮಲ್ಲಿಯ ವಾಡಿಕೆ. "ಸೈಲಸಣ್ಣ, ಒಳಗೆ ಇಪ್ಪತ್ತೆರಡು ತಟ್ಟೆ ಇದೆ. ಈಗ ಕೆಂಪಗಾಗಿದೆ. ಇನ್ನು ಕಾಲು ಗಂಟೆಗೆ ಕಪ್ಪಗಾಗುತ್ತೆ. ಹಿಂದಿನ ಬಾಗಿಲಿಂದ ಓಡಿ ಬಿಡ್ಲಾ?"

"ಅಮ್ಮಾವ್ರಿಗಿಂತ ಮೊದಲಾ?" ಎಂದಳು ಪಕ್ಕದಲ್ಲಿದ್ದ ಅವನ ಹೆಂಡತಿಯೇ. ಜಬ್ ಕೂತುಬಿಟ್ಟ. ನೂರು ಜನರ ಊಟ ಸುಡುತ್ತಿದೆ, ನೂರು ಜನರಿಗೂ ಅದು ಗೊತ್ತು, ಒಬ್ಬರೂ ಏಳುತ್ತಿಲ್ಲ. ನನಗೆ ನಗು ಬರಬೇಕಿತ್ತು. ಬರಲಿಲ್ಲ. ಅಪ್ಪನ ಪಕ್ಕದಲ್ಲಿ ಕೂತಿದ್ದ ಹೆಸ್ಟರಳ ಮುಖ ಸುಣ್ಣದ ಗೋಡೆಯಂತೆ ಬಿಳುಚಿತ್ತು.

ನಾನು ಮತ್ತೆ ಮುಂದೆ ಹೋದೆ. "ಅಮ್ಮಾವ್ರೇ, ಆಮೋಸೂ ಪ್ರಾರ್ಥನೆಗೆ ಕೂತಿದಾನೆ."

"ಏನು ಬೇಡ್ತಾನಂತೆ?"

"ತಾವು ಬೇಡ್ತಿರೋದೇ. ಈ ಮದುವೆ ಬೇಡ ಅಂತ."

ಒಂದು ಕಣ್ಣು ತೆರೆಯಿತು. "ನನ್ನ ಮಗನಲ್ಲಿ ಅವನಿಗೇನಯ್ಯಾ ಕೊರತೆ ಕಂಡಿದ್ದು?"

ಹಿಂದೆ ಹೋಗಿ ಕೇಳಿದೆ. "ಕೈಯಲ್ಲಿ ಒಂದು ಗುಳ್ಳೆ ಇಲ್ಲ," ಎಂದ ಆಮೋಸ್. ಮುಂದೆ ಬಂದು ಒಪ್ಪಿಸಿದೆ. "ಎರಡು ವರ್ಷ ಕೆಸರಿನ ಕಂದಕದಲ್ಲಿ ಮಲಗಿದ್ದೋನು ಅವನು, ಹೋಗಿ ಹೇಳು! ನನ್ನೆದುರಿಗೆ ಇವತ್ತಿನವರೆಗೂ ಧ್ವನಿ ಎತ್ತಿಲ್ಲ, ಅದನ್ನೂ ಹೇಳು. ಆ ಹುಡುಗಿಗೇನಿದೆ?" ಹಿಂದೆ ಹೋದೆ. "ಏನಿದೆ ಅಂತಾರಾ? ಇವರ ಕುರಿ ಕಾಯೋನ ಮಕ್ಕಳಿಗೆ ಓದು ಬರಹ ಕಲಿಸಿದ್ಯಾರು? ತಾಯಿಯಿಲ್ಲದ ಮನೇನ ಹನ್ನೆರಡು ವರ್ಷಕ್ಕೇ ಹೊತ್ತವಳು ಕಣಯ್ಯಾ ಅದು!" ಹೀಗೆ ನಾನು ನಾಲ್ಕು ಸಲ ಓಡಾಡಿದೆ. ಅವರು ಅವರ ಮಗನನ್ನು ಹೊಗಳಿದರು, ಇವನು ಇವನ ಮಗಳನ್ನು. ಮೊಣಕಾಲು ಮಾತ್ರ ಇಬ್ಬರದೂ ದಿಂಬಿನ ಮೇಲೇ.

ಮೇಲೆ ಕೂತ ದೇವರಿಗೆ ಆ ಹೊತ್ತು ಏನು ಕೇಳಿಸಿರಬಹುದು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಇಬ್ಬರು ಹಗೆಗಳು ಒಂದೇ ವರ ಬೇಡುತ್ತಿದ್ದರು. ಸುಟ್ಟ ಮಾಂಸದ ಕಮರು ಕಿಟಕಿಯಿಂದ ಒಳಗೆ ಬರುತ್ತಿತ್ತು.

ಆಗ ಹೆಸ್ಟರ್ ಎದ್ದಳು. ಹೊರಗೆ ನಡೆದುಬಿಟ್ಟರೆ ಯಾರ್ಕ್‌ಷೈರಿಗೇ ನಡೆದ ಹಾಗೆ. ಅವಳು ಬಾಗಿಲ ಕಡೆ ಹೋಗಲಿಲ್ಲ. ನೇರ ಮುಂದೆ ಬಂದು, ದೊಡ್ಡಮನೆಯ ಬೆಂಚಿನ ಪುಟ್ಟ ಕದ ತೆರೆದು, ಅಮ್ಮಾವ್ರ ಪಕ್ಕದಲ್ಲಿ ಮೊಣಕಾಲೂರಿದಳು. ಊರವರು ಯಾರೂ ಆ ಬೆಂಚನ್ನು ಮುಟ್ಟಿದ್ದನ್ನು ನಾನು ಕಂಡಿಲ್ಲ. ಅದೇ ಬೆಂಚಿನಲ್ಲಿ ಅಮ್ಮಾವ್ರ ಆಚೆ ಬದಿಗೆ ಕೂತಿದ್ದ ಆಂಬ್ರೋಸ್ ಧಣಿಗಳು ಅವಳನ್ನೇ ನೋಡಿದರು. ಎದ್ದು, ಹಿಂದಕ್ಕೆ ನಡೆದು, ಆಮೋಸನ ಪಕ್ಕದಲ್ಲಿ ಬರಿಯ ಕಲ್ಲಿನ ಮೇಲೆ ಮೊಣಕಾಲೂರಿದರು. ಪ್ರಾರ್ಥನೆಯಲ್ಲಿರುವವರನ್ನು ಯಾರೂ ಬೈಯುವ ಹಾಗಿಲ್ಲ. ಅಮ್ಮಾವ್ರು ಬೈಯಲಿಲ್ಲ. ಆಮೋಸನೂ ಬೈಯಲಿಲ್ಲ.

ಎಷ್ಟು ಹೊತ್ತಾಯಿತೋ. ಕಡೆಗೆ ಅಮ್ಮಾವ್ರು ಬಹಳ ಮೆಲ್ಲಗೆ, "ಹುಡುಗೀ," ಎಂದರು.

"ಅಮ್ಮಾವ್ರೇ?"

"ನನ್ನ ಮಂಡಿ ಹಿಡಿದುಕೊಂಡುಬಿಟ್ಟಿದೆ. ಏಳೋಕಾಗ್ತಿಲ್ಲ."

"ಯಾವಾಗಿಂದ?"

"ಅರ್ಧ ಗಂಟೆಯಿಂದ. ಜೋರಾಗಿ ಮಾತಾಡಬೇಡ."

ಹೆಸ್ಟರ್ ಅವರ ಕಂಕುಳಿಗೆ ಹೆಗಲು ಕೊಟ್ಟು, ನೀರಿನ ಕೊಡ ಎತ್ತುವ ಹಾಗೆ ಒಂದೇ ಸಲಕ್ಕೆ ಎತ್ತಿದಳು. ಅಮ್ಮಾವ್ರು ನಿಂತರು. ಇಡೀ ಚರ್ಚು ಉಸಿರು ಬಿಟ್ಟಿತು. ಪಾದ್ರಿಗಳ ಲೇಖನಿ ಕಾಗದದ ಮೇಲೆ ಕಿರುಗುಟ್ಟಿತು. ತೋಟಗಾರನ ಮಗಳ ಭುಜಕ್ಕೆ ಜೋತು ಅಮ್ಮಾವ್ರು ಒಂದೊಂದೇ ಹೆಜ್ಜೆ ಇಟ್ಟು ಬಂದರು. ಅವರು ಕಡೆಯ ಬೆಂಚು ತಲುಪುವ ಹೊತ್ತಿಗೆ ಅಲ್ಲೂ ಅದೇ ಅವಸ್ಥೆ. ಆಮೋಸನ ಎರಡೂ ಮಂಡಿ ಸೆಟೆದಿದ್ದವು. ಆಂಬ್ರೋಸ್ ಧಣಿಗಳು ಅವನನ್ನು ಸೊಂಟ ಹಿಡಿದು ನಿಲ್ಲಿಸುತ್ತಿದ್ದರು.

ಇಬ್ಬರೂ ಮುಖಾಮುಖಿಯಾದರು.

"ನಿನ್ನ ಪ್ರಾರ್ಥನೆ ಮುಗೀತಾ, ಟಿಲ್ಲರ್?"

"ಎಲ್ಲಿ ಮುಗೀತು ಅಮ್ಮಾವ್ರೇ? ಇವರು ಎತ್ತಿಬಿಟ್ರು."

"ನನ್ನದೂ ಮುಗೀಲಿಲ್ಲ. ಈಕೆ ಎತ್ತಿದಳು." ಅಮ್ಮಾವ್ರು ತಾವು ಊರಿಕೊಂಡಿದ್ದ ಭುಜವನ್ನು ಮೊದಲ ಸಲ ಕಂಡವರ ಹಾಗೆ ನೋಡಿದರು. "ನಾನು ದೇವರ ಹತ್ತಿರ ಕೇಳಿದ್ದು ಇದನ್ನಲ್ಲ."

"ನಾನೂ ಅಲ್ಲ," ಎಂದ ಆಮೋಸ್. ಧಣಿಗಳ ಕೈ ಬಿಡಿಸಿಕೊಳ್ಳಲು ನೋಡಿದ, ಮಂಡಿ ಬಾಗಲಿಲ್ಲ, ಮತ್ತೆ ಅದೇ ಕೈ ಹಿಡಿದ.

"ಹಾಗಾದ್ರೆ ದೇವರು ಕೇಳಿಸಿಕೊಂಡಿದ್ದು ಬೇರೆ ಯಾರದೋ," ಎಂದರು ಅಮ್ಮಾವ್ರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಇನ್ನು ಈ ಮದುವೆ ತಡೆಯೋಕೆ ನಿನಗೆ ಏನಾದ್ರೂ ದಾರಿ ಕಾಣುತ್ತಾ, ಟಿಲ್ಲರ್?"

"ನಂಗೇನೂ ಕಾಣ್ತಿಲ್ಲ ಅಮ್ಮಾವ್ರೇ."

"ನನಗೂ ಇಲ್ಲ." ಅವರು ಹೆಸ್ಟರಳ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. "ನಿಧಾನ ಕಣಮ್ಮಾ. ಹೊರಗೆ ಮೂರು ಮೆಟ್ಟಿಲಿದೆ."

ಅವರು ಹೊಸಿಲು ದಾಟಿದ್ದೇ ತಡ, ನನ್ನ ಪಕ್ಕದಿಂದ ಜಬ್ ಓಡಿದ. ಅವನ ಹಿಂದೆ ಇಡೀ ಊರು ಓಡಿತು.