ಗುರುವಾರ ನೋಯದ ಕಣ್ಣು

ಡಯಾಲಿಸಿಸ್ ಯಂತ್ರಕ್ಕೆ ಹಾಕಿ ಎರಡು ಗಂಟೆ ಕಳೆಯುತ್ತಿದ್ದಂತೆ ಕ್ಯಾತಣ್ಣ ಬಲಗಣ್ಣನ್ನು ಅಂಗೈಯಿಂದ ಒತ್ತಿಕೊಂಡ. ಎಡಗಣ್ಣು ಒಳಗಿನ ಒತ್ತಡ ಏರುವ ಗ್ಲಾಕೋಮಾದಿಂದ ಹೋಗಿ ವರ್ಷವಾಗಿತ್ತು. ಉಳಿದದ್ದು ಇದೊಂದೇ.

"ಮತ್ತೆ ಶುರುವಾಯ್ತಾ ಅಣ್ಣ?" ಎಂದಳು ತಂಗಿ ಮಂಜಮ್ಮ.

"ಒಳಗಿಂದ ಯಾರೋ ನೂಕ್ದಂಗಾಯ್ತದೆ. ದೀಪದ ಸುತ್ತ ಬಣ್ಣದ ಬಳೆ ಕಾಣ್ತವೆ."

ಡಯಾಲಿಸಿಸ್ ನೋಡಿಕೊಳ್ಳುವ ನಾಗಭೂಷಣ ಬಿ.ಪಿ. ನೋಡಿದ. "ರಕ್ತ ತೊಳೆಯುವಾಗ ತಲೆನೋವು ಮಾಮೂಲಿ ಕಣ್ರೀ. ಕಣ್ಣಿಂದಾದ್ರೆ ಕಣ್ಣಿನ ಡಾಕ್ಟ್ರಿಗೆ ತೋರ್ಸಿ."

ತೋರಿಸಿಯಾಗಿತ್ತು. ಮಂಗಳವಾರ, ಶುಕ್ರವಾರ ತುಮಕೂರಿನಲ್ಲಿ ಡಯಾಲಿಸಿಸ್; ಆ ದಿನ ಅವನಿಗೆ ನಿಲ್ಲುವ ಶಕ್ತಿಯೂ ಇರುತ್ತಿರಲಿಲ್ಲ. ಹಾಗಾಗಿ ಸುಧಾರಿಸಿಕೊಂಡು, ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು ಗುರುವಾರ ಹುಳಿಯಾರಿನಿಂದ ಮತ್ತೆ ತುಮಕೂರಿನ ಬಸ್ಸು ಹತ್ತಿ ಕಣ್ಣಾಸ್ಪತ್ರೆಗೆ ಹೋಗುತ್ತಿದ್ದರು. ಪ್ರತಿ ಸಲವೂ ಕಣ್ಣಿನ ಒತ್ತಡ ಸರಿಯಾಗಿಯೇ ಇದೆ ಎಂದು ಕಳಿಸುತ್ತಿದ್ದರು. ಇವರು ಅವರ ಕಡೆ, ಅವರು ಇವರ ಕಡೆ ಕೈ ತೋರಿಸುವುದನ್ನು ಕಂಡು ಮಂಜಮ್ಮನಿಗೆ ರೋಸಿಹೋಗಿತ್ತು.

ನೋಯುವುದು ಮಂಗಳವಾರ, ಅಳೆಸುವುದು ಗುರುವಾರ. ಅದು ಆ ಮಂಗಳವಾರ ಅವಳಿಗೆ ಹೊಳೆಯಿತು. ತನ್ನ ಊಹೆ ತಪ್ಪಾಗಿದ್ದರೂ ಇರಬಹುದು ಎಂದು ಅಳುಕುತ್ತಲೇ, ಸೂಜಿ ತೆಗೆದ ಕೂಡಲೇ ಅಣ್ಣನನ್ನು ಆಟೋಗೆ ಹತ್ತಿಸಿದಳು.

ಕಣ್ಣಿನ ಡಾಕ್ಟರಮ್ಮ ಎರಡು ಸಲ ಅಳೆದರು. ಒತ್ತಡ ಇಮ್ಮಡಿಯಾಗಿತ್ತು.

"ರಕ್ತ ಬೇಗ ಬೇಗ ತೊಳೆದಾಗ ಇವರ ಕಣ್ಣಲ್ಲಿ ನೀರು ತುಂಬ್ತಿದೆ. ಹೊರಗೆ ಹೋಗೋ ದಾರಿ ಕಿರಿದು. ನಾವು ಕೊಡೋ ಮಾತ್ರೆ ಕಿಡ್ನಿ ಹೋದವರಿಗೆ ಆಗಲ್ಲ. ಡ್ರಾಪ್ಸ್ ಹಾಕಿ. ಮಿಷನ್ ನಿಧಾನವಾಗಿ, ಒಂದು ಗಂಟೆ ಜಾಸ್ತಿ ಓಡಿಸ್ಬೇಕು. ಕಿಡ್ನಿ ಡಾಕ್ಟರಿಗೆ ನಾನೇ ಫೋನ್ ಮಾಡ್ತೀನಿ. ಹೀಗೇ ಬಿಟ್ರೆ ಈ ಕಣ್ಣೂ ಉಳಿಯಲ್ಲ."

ಶುಕ್ರವಾರ ನಾಗಭೂಷಣ ತಲೆ ಕೆರೆದುಕೊಂಡ. "ಡಾಕ್ಟ್ರು ಹೇಳವ್ರೆ. ಆದ್ರೆ ಮಿಷನ್ ಎಲ್ಲೈತೆ? ನಿಮ್ಮಣ್ಣ ಆದ್ಮೇಲೆ ಅದೇ ಮಿಷನ್‌ಗೆ ಲಕ್ಷ್ಮಿದೇವಮ್ಮೋರು ಕಾಯ್ತಾವ್ರೆ."

ದಬ್ಬೇಘಟ್ಟದ ಲಕ್ಷ್ಮಿದೇವಮ್ಮ ಬೆಂಚಿನ ಮೇಲೆ ಊದಿದ ಕಾಲು ಚಾಚಿ ಕೂತಿದ್ದರು. ಮಂಜಮ್ಮ ಹೋಗಿ ಕೇಳಿದಳು.

"ಒಂದ್ ಗಂಟೆ ತಡ ಆದ್ರೆ ನನ್ನ ಕೊನೇ ಬಸ್ ಹೋಯ್ತದೆ ಕಣವ್ವ," ಎಂದರು ಅವರು ಏದುತ್ತ. "ನಿಮ್ಮಣ್ಣಂಗೆ ಕಣ್ಣು. ನಂಗೆ ಉಸ್ರು."

ಮಂಜಮ್ಮನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

"ಆವಮ್ಮ ಮೊದ್ಲು ಹೋಗ್ಲಿ ಬುಡು," ಎಂದ ಕ್ಯಾತಣ್ಣ. "ನಾನು ಕೊನೇಗೆ ಮಲಗ್ತೀನಿ. ಬಸ್ ಹೋದ್ರೆ ಇಲ್ಲೇ ವರಾಂಡದಾಗೆ ಇರಾನ."

"ನಂಗೆ ಮನೆ ಇಲ್ವಾ ಕ್ಯಾತಣ್ಣ?" ಎಂದ ನಾಗಭೂಷಣ.

"ಐತೆ ಕಣಪ್ಪ. ನಿಂಗೆ ಕಣ್ಣೂ ಎರಡವೆ."

ನಾಗಭೂಷಣ ಅತ್ತ ತಿರುಗಿ, "ಇವತ್ತೊಂದಿನ ಅಷ್ಟೇ," ಎಂದು ಗೊಣಗಿದ.

ಸಂಜೆ ಯಂತ್ರ ನಿಧಾನವಾಗಿ ತಿರುಗಿತು. ನೋವು ಬರುವ ಹೊತ್ತಿಗೆ ಮಂಜಮ್ಮ ಬಗ್ಗಿ ಕೇಳಿದಳು, "ನೋಯ್ತೈತಾ?"

"ಇಲ್ಲ. ಸುಮ್ಕಿರೇ, ನಿದ್ದೆ ಬತ್ತೈತೆ."

ಅಣ್ಣ ನಿದ್ದೆಹೋದ. ಬರುವ ಮಂಗಳವಾರವೂ ಹೊತ್ತು ಮೀರಿ ನಿಲ್ಲು ಎಂದು ನಾಗಭೂಷಣನನ್ನು ಯಾವ ಬಾಯಲ್ಲಿ ಕೇಳುವುದು ಎಂದು ಮಂಜಮ್ಮ ಆಗಲೇ ಯೋಚಿಸತೊಡಗಿದಳು.